ಕಿವಿಗೆ ನಿಲುಕುವಷ್ಟು ಅಂಗಡಿ

ತಾರೀಖು ೧೨, ಗುರುವಾರ

ಎರಡನೇ ಸೈಕಲ್ ಅಂಗಡಿ ಬೇಡ ಅಂತ ಭಾವಮೈದುನನಿಗೆ ಇವತ್ತು ಹೇಳಿಬಿಟ್ಟೆ. ಅವನ ಮುಖ ಸಪ್ಪಗಾದದ್ದು ಇನ್ನೂ ಕಣ್ಣ ಮುಂದೇ ಇದೆ.

ಪಾಪ, ನನ್ನ ಒಳ್ಳೆಯದಕ್ಕೇ ಓಡಾಡಿದ್ದ. ಮುಖ್ಯರಸ್ತೆಯಲ್ಲಿ ಜಾಗ ಹುಡುಕಿ, ಬೆಳಿಗ್ಗೆ ಕರೆದುಕೊಂಡು ಹೋಗಿ ತೋರಿಸಿದ. ದೊಡ್ಡ ಷಟರ್, ನಾಲ್ಕು ಜನ ಕೂತು ರಿಪೇರಿ ಮಾಡುವಷ್ಟು ಜಾಗ. ನನಗೂ ಆಸೆಯಾಯಿತು, ಸುಳ್ಳು ಯಾಕೆ ಬರೆಯಲಿ. ಆದರೆ ಅರ್ಧ ಗಂಟೆ ನಿಂತರೂ ಎದುರಿಗೆ ಹೋದ ಒಂದು ಸೈಕಲ್ಲಿನ ಸದ್ದೂ ಕಿವಿಗೆ ಬೀಳಲಿಲ್ಲ. ಬರೀ ಲಾರಿ, ಬಸ್ಸಿನ ಗದ್ದಲ.

ನಮ್ಮ ಗಲ್ಲಿಯಲ್ಲಿ ಹಾಗಲ್ಲ. ಆಸ್ಪತ್ರೆಯ ನರ್ಸಮ್ಮ ಇನ್ನೂ ತಿರುವಿನಲ್ಲಿರುವಾಗಲೇ ಅವರ ಸೈಕಲ್ಲಿನ ಪೆಡಲ್ ಸಡಿಲವಾಗಿದೆ ಅಂತ ಸದ್ದಿನಲ್ಲೇ ಗೊತ್ತಾಗುತ್ತೆ. ಅವರು ಇಳಿಯುವಷ್ಟರಲ್ಲಿ ಸ್ಪ್ಯಾನರ್ ನನ್ನ ಕೈಯಲ್ಲಿರುತ್ತೆ. ಇಪ್ಪತ್ತು ವರ್ಷದಲ್ಲಿ ನಾನು ಸಂಪಾದಿಸಿದ್ದು ಆ ಕಿವಿ ಒಂದೇ. ಅದನ್ನು ಎರಡು ಕಡೆ ಇಡುವುದು ಹೇಗೆ?

"ನೀವು ಬಾವಿ ಬಿಟ್ಟು ಹೊರಗೆ ಬರೋ ಕಪ್ಪೆ ಅಲ್ಲ ಬಿಡಿ, ಭಾವ," ಅಂತ ಹೇಳಿ ಸಂಜೆ ಅವನು ಸೈಕಲ್ ಹತ್ತಿ ಹೊರಟ. ಹತ್ತು ಮಾರು ಹೋಗಿರಲಿಲ್ಲ, ಹಿಂದಿನ ಚಕ್ರ ಚರ್ ಚರ್ ಅಂತು.

"ಲೋ, ಬ್ರೇಕ್ ಉಜ್ತಾ ಇದೆ, ವಾಪಸ್ ಬಾ," ಅಂತ ಕೂಗಿದೆ. ಬರಲಾರ ಅಂದುಕೊಂಡಿದ್ದೆ. ಬಂದ. ಮುಖ ಗಂಟು ಹಾಕಿಕೊಂಡೇ ಸ್ಟೂಲಿನ ಮೇಲೆ ಕೂತ.

ಸರಿಮಾಡಿ ಚಕ್ರ ತಿರುಗಿಸಿಬಿಟ್ಟೆ. ಇಬ್ಬರೂ ಕಿವಿಗೊಟ್ಟು ಕೇಳಿದೆವು.

"ತಿಂಗಳಿಂದ ಹೀಗೇ ತುಳೀತಿದ್ದೆ, ನನಗೆ ಕೇಳಿಸಿಯೇ ಇರ್ಲಿಲ್ಲ," ಅಂದ, ಮೆಲ್ಲಗೆ.

ಅವನು ಹೊರಟ ಮೇಲೆ ತಿರುವು ದಾಟುವವರೆಗೂ ಆಲಿಸುತ್ತ ನಿಂತಿದ್ದೆ. ಏನೂ ಕೇಳಿಸಲಿಲ್ಲ. ಇವತ್ತಿಗೆ ಅಷ್ಟು ಸಾಕು.