ಎಡಗಿವಿಯ ಗುರುತು

ನಾಗಲಗಿದ್ದ
ಸೋಮವಾರ, ೧೭ ಫೆಬ್ರುವರಿ ೨೦೨೫

ಮಗನೇ ಬಾಲರಾಜ,

ಹೇಗಿದ್ದೀ? ಬಲದವಡೆಯ ನೋವು ಇಳಿಯಿತೇ? ಜೈಲಿನಲ್ಲಿ ಕೇಳಿದರೆ ಒಂದು ಲವಂಗ ಕೊಡುತ್ತಾರೋ ಇಲ್ಲವೋ. ಕೊಟ್ಟರೆ ಹಲ್ಲಿನ ಕೆಳಗಿಟ್ಟುಕೊಂಡು ಮಲಗು, ಕಟಕಟ ಜಗಿಯಬೇಡ. ಅಲ್ಲಿ ಎರಡು ಹೊತ್ತೂ ಅನ್ನವಂತೆ. ನಿನಗೆ ರೊಟ್ಟಿಯಿಲ್ಲದೆ ಹೊಟ್ಟೆ ತುಂಬುವುದಿಲ್ಲ ಎಂದು ನನಗೆ ಗೊತ್ತು. ಇಲ್ಲಿ ತವೆ ಇಟ್ಟಾಗಲೆಲ್ಲ ನಿನ್ನ ನೆನಪಾಗಿ ಕೈ ನಿಲ್ಲುತ್ತದೆ. ಆದರೂ ಕೊಟ್ಟದ್ದನ್ನು ತಿನ್ನು, ಅನ್ನದ ಮೇಲೆ ಸಿಟ್ಟು ಮಾಡಬೇಡ. ನಾನು ಗಟ್ಟಿಯಾಗಿದ್ದೇನೆ. ಕುರಿಗಳು ಈಯುತ್ತಿವೆ, ಕರಿಯ ಕುರಿ ಈ ಸಲವೂ ಅವಳಿ ಹಾಕಿದೆ. ನಿನ್ನ ಹೆಂಡತಿ ಸ್ವಾತಿಯ ವಿಷಯ ನೀನು ಕೇಳಿ ಕಳಿಸಲಿಲ್ಲ, ಆದರೂ ಹೇಳುತ್ತೇನೆ. ಕೈಯ ಪಟ್ಟಿ ಇನ್ನೂ ಬಿಚ್ಚಿಲ್ಲ. ದವಡೆಗೆ ತಂತಿ ಬಿಗಿದಿದ್ದಾರೆ, ಹಲ್ಲಿನ ಸಂದಿಯಿಂದ ಗಂಜಿ ಹೀರಿಕೊಳ್ಳುತ್ತಾಳೆ. ಮಾತಾಡಲು ಆಗುವುದಿಲ್ಲ. ಏನು ಬೇಕಾದರೂ ಕೈಸನ್ನೆ.

ನಿನ್ನ ಗೆಳೆಯ ನರೇಶ ಹೋದ ವಾರ ಬಂದಿದ್ದ. ಅಂಗಳದಲ್ಲಿ ನಿಂತು, ನಿನ್ನ ನಾಯಿಗಳು ತನ್ನ ಹತ್ತಿರ ಚೆನ್ನಾಗಿವೆ ಎಂದು ಹಲ್ಲು ಕಿಸಿದು, ಆಮೇಲೆ ನಿನ್ನ ಮಾತು ಹೇಳಿದ: "ಗುರುವಾರ ಕೋರ್ಟಿನ್ಯಾಗ ಸ್ವಾತಿ ಮಾಳಿಗಿ ನಿಚ್ಚಣಿಕಿ ಮ್ಯಾಲಿಂದ ಬಿದ್ದಾಳಂತ ಹೇಳ್ರಿ ಅವ್ವಾ. ದೊಡ್ಡವ್ರಂತ ನೋಡಿದವ್ರು ನೀವೊಬ್ಬರೇ ಅದೀರಿ. ತಾಯೇ ಅಂದ್ರ ಜಡ್ಜ್ ನಂಬ್ತಾನ." ಒಳಗೆ ಸ್ವಾತಿ ಮಲಗಿದ್ದಳು, ಒಂದೊಂದು ಅಕ್ಷರವೂ ಅವಳ ಕಿವಿಗೆ ಬಿದ್ದಿತು. ನಾನು ಮೂಲೆಯ ಒನಕೆ ಎಳೆದುಕೊಂಡು ಬೇವಿನ ಮರದವರೆಗೂ ಅವನನ್ನು ಅಟ್ಟಿಸಿಕೊಂಡು ಹೋದೆ. ಒಂದು ಏಟು ಬೆನ್ನಿಗೆ ತಾಗಿತು, ಇನ್ನೊಂದು ತಪ್ಪಿತು, ಅದರ ದುಃಖ ನನಗೆ ಇನ್ನೂ ಇದೆ. ಅವನನ್ನು ಓಡಿಸಿದೆ, ಆದರೆ ನಿನ್ನ ಮಾತನ್ನು ಓಡಿಸಲು ಆಗಲಿಲ್ಲ ಮಗಾ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸುಮ್ಮನೆ ಅನ್ನುತ್ತಾರೆಯೇ? ಅಂದಿನಿಂದ ಆಡಿನ ಹಾಲು ಕರೆಯುವಾಗ, ಕಸ ಗುಡಿಸುವಾಗ, ಬಾಯೊಳಗೇ ಹೇಳಿ ಹೇಳಿ ನೋಡುತ್ತಿದ್ದೆ: ಬಿದ್ದಳು ಸಾಹೇಬ್ರೇ, ನಾನೇ ಕಣ್ಣಾರೆ ನೋಡಿದೆ, ಬಿದ್ದಳು. ಹೇಳುತ್ತಾ ಹೇಳುತ್ತಾ ಆ ಸುಳ್ಳು ನಾಲಿಗೆಗೆ ಹೊಂದಿಕೊಂಡುಬಿಟ್ಟಿತ್ತು.

ನಾನು ನೋಡಿದ್ದೇನು ಎಂದು ನಿನಗೂ ಗೊತ್ತು. ನೀನು ಹಿತ್ತಲಿಗೆ ಹೋದಾಗ ಮೊಲದ ಗೂಡುಗಳೆಲ್ಲ ಬಾಯಿ ತೆರೆದಿದ್ದವು, ಒಂದು ಮೊಲವೂ ಇರಲಿಲ್ಲ. ನಿನ್ನ ಮಗಳು ಲಾವಣ್ಯ ಅಗುಳಿ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಎಂಟು ವರ್ಷದ ಕೂಸು, ಓಡಿಹೋಗಬೇಕು ಎಂದೂ ತಿಳಿಯಲಿಲ್ಲ. "ನನ್ನ ದಂಧಾ ಹಾಳ್ ಮಾಡ್ದಿ ಅಲ್ಲಾ" ಎಂದು ನೀನು ಅಪ್ಪನ ಕುರಿಕೋಲು ಎತ್ತಿದೆ. ಸ್ವಾತಿ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟುಗೈಯಲ್ಲೇ ಓಡಿಬಂದು ನಡುವೆ ನಿಂತಳು. ಮೊದಲ ಏಟಿಗೆ ಕೈ, ಒಣಗಿದ ತೊಗರಿಕಟ್ಟಿಗೆ ಮುರಿದಂತೆ ಸದ್ದಾಯಿತು. ಎರಡನೆಯದು ಮುಖಕ್ಕೆ. ರಕ್ತದ ಜೊತೆ ಹಲ್ಲು ಉದುರಿದವು, ಒಂದನ್ನು ಮರುದಿನ ನಾನೇ ಹಿತ್ತಲ ಒಲೆಯ ಬೂದಿಯಲ್ಲಿ ಕಂಡೆ. ಬಿದ್ದವಳಿಗೆ ಇನ್ನೊಮ್ಮೆ ಎತ್ತಿದಾಗ ನಾನು ನಿನ್ನ ತೋಳಿಗೆ ಜೋತುಬಿದ್ದೆ. ನೀನು ನನ್ನನ್ನು ಕೊಡವಿದೆ. ಬೀಸುವ ಕಲ್ಲಿಗೆ ತಗುಲಿದ ನನ್ನ ಸೊಂಟ ಇವತ್ತಿಗೂ ಸರಿಯಾಗಿ ಬಗ್ಗುವುದಿಲ್ಲ. ಕೋಲು ಮೇಲೆ ಹೋಗಿ ಕೆಳಗೆ ಬಂತು, ಮೇಲೆ ಹೋಗಿ ಕೆಳಗೆ ಬಂತು, ಊರವರು ಬರುವ ಸದ್ದು ಕೇಳಿ ನೀನೇ ಅದನ್ನು ಬಿಸಾಡುವವರೆಗೂ. ಇಷ್ಟಾದರೂ ನಾನು ನನಗೆ ಹೇಳಿಕೊಂಡದ್ದು ಒಂದೇ: ಸಿಟ್ಟು. ನಿಮ್ಮಪ್ಪನಿಗೂ ಇತ್ತು. ಮೂಗಿನ ತುದಿಯ ಸಿಟ್ಟು, ಬರುತ್ತದೆ, ಹೋಗುತ್ತದೆ, ಒಳಗೆ ಮನುಷ್ಯ ಒಳ್ಳೆಯವನೇ. ಆ ಒಂದು ನಂಬಿಕೆಯ ಮೇಲೆ ನಾನು ಸುಳ್ಳು ಹೇಳಲು ಹೊರಟಿದ್ದೆ.

ಈಗ ಮೊಲದ ಕಥೆ ಕೇಳು. ನೀನು ಹೋದ ಮೇಲೆ ಲಾವಣ್ಯ ತುತ್ತು ಬಾಯಿಗಿಡಲಿಲ್ಲ. ಹೊತ್ತು ಹುಟ್ಟಿದರೆ ಖಾಲಿ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂರುವುದು, ಹೊತ್ತು ಮುಳುಗಿದರೆ ಏಳುವುದು. ಶಾಲೆಯ ಪ್ರೇಮಲಾ ಟೀಚರ್ ನೋಡಲು ಬಂದವರು, ತಾಂಡೂರಿನಲ್ಲಿ ತಾರಾಬಾಯಿ ಎಂಬವರು ಗಾಯಗೊಂಡ ಪ್ರಾಣಿಗಳನ್ನು ಮನೆಯಲ್ಲೇ ಇಟ್ಟು ಸಾಕುತ್ತಾರೆ, ನೋಡಿಕೊಳ್ಳುವವರು ಸಿಕ್ಕರೆ ಕೊಡುತ್ತಾರೆ, ಈಗ ಅಲ್ಲೊಂದು ಮೊಲ ಇದೆ ಎಂದರು. ಜಹೀರಾಬಾದಿನ ಅಂಗಡಿಯವರು ಮಕ್ಕಳ ಆಟಕ್ಕೆ ಒಯ್ಯುತ್ತಾರೆ ಎಂದು ತಾನೆ ನೀನು ನಮಗೆ ಹೇಳಿ ಮೊಲ ಸಾಕುತ್ತಿದ್ದೆ? ಅಂಥದ್ದೇ ಯಾರೋ ಬಿಟ್ಟುಹೋದ ಮೊಲ ಇರಬೇಕು ಎಂದುಕೊಂಡೆ. ನಿನ್ನೆ ಸ್ವಾತಿಯ ಹತ್ತಿರ ಅವಳ ತಾಯಿಯನ್ನು ಕೂರಿಸಿ, ಕೂಸನ್ನು ಕರೆದುಕೊಂಡು ನಾರಾಯಣಖೇಡಕ್ಕೆ ಹೋಗಿ ಬಸ್ಸು ಹಿಡಿದೆ. ಜಹೀರಾಬಾದಿನಲ್ಲಿ ಇಳಿದು ಮಿರ್ಚಿ ಭಜಿ ಕೊಡಿಸಿದರೆ ಕೈಯಲ್ಲೇ ಹಿಡಿದುಕೊಂಡು ತಾಂಡೂರಿನವರೆಗೂ ತಂದಳು, ತಿನ್ನಲಿಲ್ಲ.

ತಾರಾಬಾಯಿಯ ಮನೆ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಹಿಂದೆ, ತುಳಸಿಗಿಡದ ಮೇಲೂ ಕಲ್ಲಿನ ಪುಡಿ. ಹಿಂದೆ ದನದ ದವಾಖಾನೆಯಲ್ಲಿ ಕೆಲಸ ಮಾಡಿದವಳಂತೆ. ಮೊಲ ಕೊಡಲು ಅವಳು ಕೇಳಿದಷ್ಟು ಪ್ರಶ್ನೆ ಹೆಣ್ಣು ಕೊಡುವವರೂ ಕೇಳುವುದಿಲ್ಲ, ಬಿಡು. ನಾನು ಕುರಿಯವಳು, ನನಗೆ ಹೇಳಿಕೊಡುತ್ತಾಳೆಯೇ ಎಂದು ಬೀಗುತ್ತಾ ಗೂಡಿಗೆ ಕೈ ಹಾಕಿ, ಕುರಿ ಹಿಡಿಯುವಂತೆ ಹಿಂಗಾಲು ಹಿಡಿದು ಎಳೆದೆ. ಪಟ್ಟೆಂದು ನನ್ನ ಕೈಗೆ ಹೊಡೆದಳು ನೋಡು! "ಅದು ಕುರಿ ಅಲ್ಲ ಅಮ್ಮಾ! ಒದ್ದಾಡಿ ತನ್ನ ಬೆನ್ನು ತಾನೇ ಮುರ್ಕೋತದ!" ನನಗೆ ನಾಚಿಕೆಯಾಯಿತು, ನಗುವೂ ಬಂತು. ಅವಳೇ ಎದೆಗೊತ್ತಿ ಹೊರತೆಗೆದಳು. ಆಮೇಲೆ ನಗು ಬರಲಿಲ್ಲ.

ಪಕ್ಕೆಯ ಉದ್ದಕ್ಕೂ ಹೊಲಿಗೆ. ಒಂದು ಕಣ್ಣಿನ ಜಾಗದಲ್ಲಿ ಬರೀ ಚರ್ಮ. ಹಿಂಗಾಲಿಗೆ ಬೆರಳಿಲ್ಲ. ಬೊಮ್ರಾಸಪೇಟೆಯ ಆಚೆ ಬಯಲಿನಲ್ಲಿ ನಾಯಿ ರೇಸು ಆಡಿಸುತ್ತಾರಂತೆ. ಸಾಕಿದ ಮೊಲವನ್ನು ಬಿಟ್ಟು, ಅದರ ಹಿಂದೆ ಎರಡು ನಾಯಿ. ಗೂಡಿನಲ್ಲಿ ಬೆಳೆದ ಮೊಲಕ್ಕೆ ಓಡಲು ಎಲ್ಲಿ ಬರುತ್ತದೆ? ಒಂದು ನಾಯಿ ತಲೆ ಹಿಡಿದರೆ ಇನ್ನೊಂದು ಕಾಲು ಹಿಡಿದು ಜಗ್ಗುತ್ತದೆ, ಸುತ್ತ ನಿಂತವರು ಕೇಕೆ ಹಾಕುತ್ತಾರೆ. ತಾರಾಬಾಯಿ ನಾಲ್ಕು ಜನರನ್ನು ಕಟ್ಟಿಕೊಂಡು ಹೋಗಿ ಅಡ್ಡ ನಿಂತರೆ ಕಲ್ಲು ತೂರಿದರಂತೆ, ಅವಳ ಹಣೆಯ ಮೇಲೆ ಆ ಕಲೆ ಇದೆ. ಬಯಲು ಖಾಲಿಯಾದ ಮೇಲೆ ನೋಡಿದರೆ ಎಲ್ಲೆಲ್ಲೂ ತುಪ್ಪಳ, ಕರುಳು, ಅರ್ಧರ್ಧ ಮೈ. ಇದೊಂದು ಜಾಲಿಯ ಬುಡದಲ್ಲಿ ಹೊಟ್ಟೆಯ ಚರ್ಮ ಜೋತುಬಿದ್ದು ಕೂತಿತ್ತು. ಮುಟ್ಟಿದ ಕೂಡಲೇ ಕೂಸಿನ ಹಾಗೆ ಕಿರುಚಿತಂತೆ. "ಮೊಲ ಸಾಯೂ ಮುಂದ ಒಂದೇ ಸಲ ಒದರ್ತದ. ಇದು ಒದರಿ ಉಳೀತು ನೋಡ್ರಿ" ಎಂದಳು.

ಹೇಳುತ್ತಾ ಅದರ ಎಡಗಿವಿಯನ್ನು ಬೆಳಕಿಗೆ ಬಿಡಿಸಿದಳು. ಬಾಲರಾಜ, ಕಿವಿಯ ತುದಿಯನ್ನು ಕೊಯ್ದು ಹಾರಿಸಿದ್ದರು. ಕೆಳಅಂಚಿಗೆ ಎರಡು ಕಚ್ಚು. ನಾಯಿಯ ಹಲ್ಲಲ್ಲ ಅದು, ಬ್ಲೇಡು. ಆ ಗುರುತು ಈ ಸೀಮೆಯಲ್ಲಿ ಒಂದೇ ಹಟ್ಟಿಯದು. ನಿಮ್ಮಪ್ಪ ಮರೆಪ್ಪ ಮರಿಯ ಕಿವಿ ಕೊಯ್ದು, ಅರಿಶಿನ ಮೆತ್ತಿ, ಇದು ನಮ್ಮ ಮನೆಯ ಜೀವ ಎಂದು ಹಣೆ ಸವರಿ ಬಿಡುತ್ತಿದ್ದರು. ಆ ಗುರುತಿದ್ದ ಕುರಿ ತಪ್ಪಿಸಿಕೊಂಡು ರಾಯಿಕೋಡಿಗೆ ಹೋದರೂ ಕಂಡವರು ಕಟ್ಟಿ ಮೇವು ಹಾಕಿ ಹೇಳಿ ಕಳಿಸುತ್ತಿದ್ದರು, ನಾವು ಹೋಗಿ ತರುತ್ತಿದ್ದೆವು. ಕಾಯುತ್ತೇವೆ ಎಂದು ಹಾಕುವ ಗುರುತನ್ನು, ರೇಸಿನಲ್ಲಿ ಯಾರ ಮೊಲ ಎಂದು ಗೊತ್ತಾಗಲಿ ಎಂದು ಹಾಕಿ ನಾಯಿಗೆ ಎಸೆದೆಯಾ? ಬೇಲಿಯೇ ಎದ್ದು ಹೊಲ ಮೇಯಿತಲ್ಲೋ. ಆ ಕಚ್ಚುಗಳ ಮೇಲೆ ಬೆರಳಿಟ್ಟು ಇನ್ನೊಮ್ಮೆ ಎಣಿಸಿದೆ. ಆಗ ಲಾವಣ್ಯ ಬಾಯಿ ಬಿಟ್ಟಳು: "ಆಯೀ, ಅಪ್ಪ ಇದ್ರ ಕಿವಿ ಕೊಯ್ಯೂ ಮುಂದ ನಾನೇ ಹಿಡ್ಕೊಂಡಿದ್ದೆ. ಆಮ್ಯಾಲ ಗಾಡಿ ಮ್ಯಾಲ ಕೂಡಿಸ್ಕೊಂಡು ಹೋಗಿ ರೇಸ್ ತೋರಿಸ್ದ." ಕೂಸು ಅಗುಳಿ ಯಾಕೆ ತೆಗೆಯಿತು ಎಂದು ನನಗೆ ಆಗ ತಿಳಿಯಿತು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ನೀನು ಈ ಕಿವಿಯನ್ನು ಸಿಟ್ಟಿನಲ್ಲಿ ಕೊಯ್ಯಲಿಲ್ಲ. ನೆರಳಿನಲ್ಲಿ ಕೂತು, ಮಗಳ ಕೈಯಲ್ಲಿ ಹಿಡಿಸಿ, ಅಳತೆ ತಪ್ಪದಂತೆ ಕೊಯ್ದಿದ್ದೀಯೆ. ಇಷ್ಟು ದಿನ ನಾನು ಸಿಟ್ಟು ಎಂದು ಹೆಸರಿಟ್ಟದ್ದು ಸಿಟ್ಟಲ್ಲ. ಅದೇನು ಎಂದು ನನಗೆ ಹೇಳಲು ಬರುವುದಿಲ್ಲ. ನೀನು ಎದುರಿಗಿದ್ದಿದ್ದರೆ ಒನಕೆ ನಿನ್ನ ಮೇಲೂ ಬೀಳುತ್ತಿತ್ತು.

ಮೊಲ ಕೊಡುವ ಮೊದಲು ತಾರಾಬಾಯಿ ಕೊನೆಯ ಪ್ರಶ್ನೆ ಕೇಳಿದಳು, ಮನೆಯಲ್ಲಿ ನಾಯಿ ಇದೆಯೇ ಎಂದು. ನಾಯಿ ಸಾಕುವವನು ಇದ್ದ, ಈಗ ಇಲ್ಲ ಎಂದೆ. "ಅವ ತಿರುಗಿ ಬಂದ್ರ?" ಎಂದಳು. ಒಳಗೆ ಕಲ್ಲು ಕೊಯ್ಯುವ ಮಿಷನ್ ಕಿರ್ ಎನ್ನುತ್ತಿತ್ತು. ಲಾವಣ್ಯ ಮೊಲವನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. "ಅವ ಬರೂದು ಬಿಡೂದು ನನ್ನ ಬಾಯಾಗ ಅದ" ಎಂದೆ. ಅವಳಿಗೆ ಏನು ಅರ್ಥವಾಯಿತೋ, ಬುಟ್ಟಿಗೆ ಹುಲ್ಲು ಹಾಸಿ ಮೊಲವನ್ನು ಕೂರಿಸಿಕೊಟ್ಟಳು. ಈಗ ಅದು ಸ್ವಾತಿಯ ಹಾಸಿಗೆಯ ಹತ್ತಿರವೇ ಇದೆ. ರಸ್ತೆಯಲ್ಲಿ ಮೋಟರ್ ಸೈಕಲ್ ಸದ್ದಾದರೆ ಹಿಂಗಾಲಿನಿಂದ ನೆಲಕ್ಕೆ ಧಪ್ಪೆಂದು ಒದೆಯುತ್ತದೆ, ಆಗ ಸ್ವಾತಿಯೂ ಬೆಚ್ಚಿ ಎದ್ದು ಕೂರುತ್ತಾಳೆ. ಇವತ್ತು ಅದಕ್ಕೆ ಮೆಂತ್ಯದ ಸೊಪ್ಪು ತಿನ್ನಿಸುತ್ತಾ ಲಾವಣ್ಯ ತಾನೂ ಅರ್ಧ ರೊಟ್ಟಿ ತಿಂದಳು. ನಾನು ಹಿತ್ತಲಿಗೆ ಹೋಗಿ ಅತ್ತುಬಂದೆ.

ಹೊದ್ದುಕೊಂಡು ಮಲಗು, ಬೆಳಗಿನ ಜಾವ ಇನ್ನೂ ಥಂಡಿ ಇದೆ. ಯಾರ ಜೊತೆಗೂ ಜಗಳಕ್ಕೆ ಹೋಗಬೇಡ. ಬೀರಪ್ಪ ನಿನಗೆ ಒಳ್ಳೆಯ ಬುದ್ಧಿ ಕೊಡಲಿ, ಅದನ್ನು ತೆಗೆದುಕೊಳ್ಳುವ ಮನಸ್ಸನ್ನೂ ಕೊಡಲಿ.

ನಿನ್ನ ಹೆತ್ತವ್ವ,
ಮಾಣಿಕಮ್ಮ

ತಾ.ಕ.: ಅಂಚೆಯವನು ಸೈಕಲ್ ಹತ್ತಿ ನಿಂತಿದ್ದಾನೆ, ಮುಖ್ಯ ಮಾತೇ ಉಳಿಯಿತು. ಗುರುವಾರ ನಾನು ಕೋರ್ಟಿಗೆ ಬರುತ್ತೇನೆ. ನಿಚ್ಚಣಿಕೆಯ ಮಾತು ಹೇಳುವುದಿಲ್ಲ. ಕೋಲು ಎತ್ತಿದವನು ನನ್ನ ಮಗ, ಎತ್ತಿದ್ದು ಎಷ್ಟು ಸಲ ಎಂದೂ ಹೇಳುತ್ತೇನೆ. ಕಿವಿಯ ಗುರುತು ಯಾರದು ಎಂದೂ ಹೇಳುತ್ತೇನೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬೇಗ ಬಂದು ಬಾಗಿಲಲ್ಲೇ ನಿಂತಿರುತ್ತೇನೆ. ಪೊಲೀಸರ ಕೈಕಾಲು ಹಿಡಿದಾದರೂ ನಿನಗೆ ಕೊಡಿಸುತ್ತೇನೆ. ನನ್ನನ್ನು ಕೂಗುವ ಮೊದಲೇ ತಿಂದುಬಿಡು ಮಗಾ, ಆಮೇಲೆ ನಿನಗೆ ಗಂಟಲಲ್ಲಿ ಇಳಿಯಲಿಕ್ಕಿಲ್ಲ.