ಶನಿವಾರದ ಮಣ್ಣಿನ ಪೀರಿಯಡ್ಡು ಮತ್ತು ತಮ್ಮ ಬಿಳಿ ಅಂಗಿ

ಮಾನ್ಯ ಶಾಲಾ ತನಿಖಾಧಿಕಾರಿಗಳೇ,

ತಮ್ಮ ಬಿಳಿ ಅಂಗಿಯ ಮೇಲೆ ಕೆಸರಿನ ಕೈ ಇಟ್ಟ ಹುಡುಗಿಯ ತಾಯಿ ನಾನು. ಆ ಅಂಗಿಗಾಗಿ ಕ್ಷಮೆ ಕೇಳಬೇಕೆಂದು ಊರಿನ ಹಿರಿಯರು ಹೇಳಿದ್ದಾರೆ, ಕೇಳುತ್ತಿದ್ದೇನೆ. ಆದರೆ ಅಂಗಿಯ ಕೊಳೆಗೆ ಸೋಪು ಇದೆ. ಆಮೇಲೆ ತಾವು ಹೊರಡಿಸಿದ ಆದೇಶಕ್ಕೆ ಯಾವ ಸೋಪು ಹಾಕಬೇಕೆಂದು ತಿಳಿಯದೆ ಹೀಗೆ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ. ಶನಿವಾರದ ಕೊನೆಯ ಪೀರಿಯಡ್ಡಿನ ಮಣ್ಣಿನ ಕೆಲಸವನ್ನು ನಿಲ್ಲಿಸಬೇಕು, ಆ ಹೊತ್ತನ್ನು ಮಗ್ಗಿ ಮತ್ತು ಕಾಗುಣಿತದ ಪುನರಾವರ್ತನೆಗೆ ಬಳಸಬೇಕು, ನನ್ನ ಮಗಳು ನಿಶ್ಚಿತಾಳನ್ನು ಬರುವ ವರ್ಷದಿಂದ ಜಿಲ್ಲಾ ಕೇಂದ್ರದ ವಿಶೇಷ ವಸತಿ ಶಾಲೆಗೆ ಕಳಿಸಲು ಪೋಷಕರನ್ನು ಒಪ್ಪಿಸಬೇಕು ಎಂದು ತಾವು ಬರೆದಿದ್ದೀರಿ. ಪೋಷಕರು ಎಂದರೆ ನಾನು ಮತ್ತು ನಮ್ಮ ಯಜಮಾನರು. ನಾವು ಒಪ್ಪಿಲ್ಲ. ಒಪ್ಪದಿರಲು ಕಾರಣವಿದೆ, ಅದು ಸ್ವಲ್ಪ ಉದ್ದವಿದೆ. ತಾವು ನಮ್ಮ ಶಾಲೆಯಲ್ಲಿ ಕಳೆದ ಹೊತ್ತಿಗಿಂತ ಇದನ್ನು ಓದಲು ಹೆಚ್ಚು ಹೊತ್ತು ಹಿಡಿದರೆ ದಯವಿಟ್ಟು ಬೇಸರಿಸಬೇಡಿ.

ಊರಿನ ಹೆಸರು ಬರೆಯುತ್ತಿಲ್ಲ. ಕಡಹಿನಬೈಲು ದಾಟಿ ಬಂದ ತಮ್ಮ ಜೀಪು ನಮ್ಮ ದಿನಸಿ ಅಂಗಡಿಯ ಮುಂದೆಯೇ ನಿಂತು ಶಾಲೆಯ ದಾರಿ ಕೇಳಿತ್ತಂತೆ, ದಾರಿ ತೋರಿಸಿದವರು ನಮ್ಮ ಯಜಮಾನರೇ. ನಾನು ಆಗ ಶಾಲೆಯ ಜಗಲಿಯಲ್ಲಿದ್ದೆ. ಬಿಸಿಯೂಟದ ಅಡುಗೆಯವಳೆಂದುಕೊಂಡು ತಾವು ನನ್ನ ಹತ್ತಿರ ಕುಡಿಯಲು ನೀರು ಕೇಳಿದಿರಿ, ತಂದುಕೊಟ್ಟೆ. ನಾನು ಅಡುಗೆಯವಳಲ್ಲ. ಮಗಳು ಒಂದನೇ ತರಗತಿಗೆ ಸೇರಿದಾಗಿನಿಂದ, ಅಂಗಡಿಯನ್ನು ಅತ್ತೆಯವರ ವಶಕ್ಕೆ ಬಿಟ್ಟು, ಅವಳು ಹೆದರಿ ಓಡಿಬಂದರೆ ಇರಲಿ ಎಂದು ಆ ಜಗಲಿಯಲ್ಲಿ ಕೂರುವುದು ನನ್ನ ಉದ್ಯೋಗ. ಹಾಗಾಗಿ ತಾವು ಬಾಗಿಲಲ್ಲಿ ನಿಂತು ನೋಡಿದ್ದನ್ನೆಲ್ಲ ನಾನು ಕಿಟಕಿಯಲ್ಲಿ ನಿಂತು ನೋಡಿದ್ದೇನೆ. ಇಬ್ಬರೂ ನೋಡಿದ್ದು ಒಂದನ್ನೇ, ಬರೆದದ್ದು ಮಾತ್ರ ಬೇರೆ ಬೇರೆ.

ನಿಶ್ಚಿತಾಳಿಗೆ ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ. ತೊಂದರೆ ಎಂದರೆ ಕಿವಿ ಸ್ವಲ್ಪ ಹೆಚ್ಚೇ ಕೇಳುತ್ತದೆ. ಶಾಲೆಯ ಮುಂದೆ ನೇತುಹಾಕಿದ ಕಬ್ಬಿಣದ ತುಂಡಿಗೆ ಬಡಿದರೆ ನಮಗೆಲ್ಲ ಅದು ಗಂಟೆ, ಅವಳಿಗೆ ತಲೆಯೊಳಗೇ ಯಾರೋ ಬಡಿದ ಹಾಗೆ. ಒದ್ದೆಯಾದದ್ದು, ಅಂಟುವುದು, ಇನ್ನೊಬ್ಬರ ಮೈ ತಾಗುವುದು ಯಾವುದೂ ಅವಳಿಗೆ ಆಗದು. ಮಾತು ಬೇಕಾದಾಗ ಮಾತ್ರ, ಅದೂ ಗೋಡೆಯನ್ನು ನೋಡಿಕೊಂಡು. ಕೊಪ್ಪದ ಡಾಕ್ಟರು ಬೆಳೆದ ಹಾಗೆ ಸರಿಹೋಗುತ್ತದೆ ಎಂದರು, ಶಿವಮೊಗ್ಗದವರು ಉದ್ದದೊಂದು ಇಂಗ್ಲಿಷ್ ಹೆಸರು ಹೇಳಿದರು, ಶೃಂಗೇರಿಯಲ್ಲಿರುವ ನಮ್ಮ ನೆಂಟರು ಕಿಗ್ಗದ ದೇವರಿಗೆ ಹರಕೆ ಹೇಳಿಕೊಳ್ಳಿ ಎಂದರು. ಎಲ್ಲರ ಮಾತನ್ನೂ ಕೇಳಿದೆವು. ಶಾಲೆಯ ಮಕ್ಕಳು ಮಾತ್ರ ಇಷ್ಟೆಲ್ಲ ಅಲೆಯದೆ ಅವಳಿಗೆ ಒಂದು ಹೆಸರು ಕೊಟ್ಟುಬಿಟ್ಟರು: ಮುಟ್ಟಿದರೆ ಮುನಿ. ಬೇಲಿಯ ಬದಿಯ ಆ ಗಿಡವನ್ನು ತಾವೂ ನೋಡಿರುತ್ತೀರಿ. ಬೇಕೆಂದೇ ಹಿಂದಿನಿಂದ ಬಂದು ಬೆರಳು ತಾಗಿಸಿ ಅವಳು ಮುದುಡುವುದನ್ನು ನೋಡುವುದು ಒಂದು ವರ್ಷವಿಡೀ ಅವರ ಆಟವಾಗಿತ್ತು. ಅವಳು ಆ ವರ್ಷವನ್ನು ಮೇಷ್ಟ್ರ ಮೇಜಿನ ಅಡಿಯಲ್ಲಿ ಕಳೆದಳು. ಹಾಜರಾತಿ ಮಾತ್ರ ಪೂರ್ತಿ ಇತ್ತು, ಆ ಕಾರಣಕ್ಕೆ ತಮ್ಮ ಇಲಾಖೆಗೆ ಆಗ ಏನೂ ತೊಂದರೆಯಾಗಲಿಲ್ಲ.

ಮರುವರ್ಷ ಸುಮನಾ ಟೀಚರ್ ವರ್ಗವಾಗಿ ಬಂದರು. ಅವರು ಮಾಡಿದ್ದು ದೊಡ್ಡದೇನಲ್ಲ. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಪುಸ್ತಕ ಮುಚ್ಚಿಸಿ ಎಲ್ಲ ಮಕ್ಕಳ ಮುಂದೆಯೂ ತಟ್ಟೆಯಲ್ಲಿ ಏನಾದರೊಂದು ಇಡುತ್ತಿದ್ದರು. ಮೊದಲು ಭತ್ತದ ಉಮಿ, ಆಮೇಲೆ ಒಣ ಮರಳು, ಹುಣಸೆ ಬೀಜ, ಹಲಸಿನ ಎಲೆ. ಕಣ್ಣು ಕಟ್ಟಿಕೊಂಡು ಮುಟ್ಟಿ ಏನೆಂದು ಹೇಳಬೇಕು, ಮೂಸಿ ಯಾವ ಗಿಡದ ಸೊಪ್ಪೆಂದು ಹೇಳಬೇಕು. ಕೊನೆಗೆ ಗದ್ದೆಯ ಜೇಡಿಮಣ್ಣು. ಅದನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಬಕೆಟ್ಟಿನಲ್ಲಿಟ್ಟು ವಾರವಿಡೀ ಕಾಪಾಡುವುದು ಮಕ್ಕಳದೇ ಕೆಲಸ. ಒಂದು ಮಗುವಿಗಾಗಿ ಬೇರೆ ಪಾಠವಲ್ಲ, ಎಲ್ಲರಿಗೂ ಒಂದೇ. ನಿಶ್ಚಿತಾ ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತು ನೋಡಿದಳು. ಆಮೇಲೆ ಬಟ್ಟೆಯಲ್ಲಿ ಸುತ್ತಿದ ಮಣ್ಣನ್ನು ಮುಟ್ಟಿದಳು. ಆಮೇಲೆ ಬಟ್ಟೆ ಇಲ್ಲದ ಮಣ್ಣನ್ನು, ಒಂದು ಬೆರಳ ತುದಿಯಿಂದ. ನಾನು ಕಿಟಕಿಯ ಸರಳು ಹಿಡಿದುಕೊಂಡು ಅತ್ತುಬಿಟ್ಟೆ ಎಂದರೆ ತಮಗೆ ಅತಿ ಎನ್ನಿಸಬಹುದು, ಆದರೂ ಅತ್ತದ್ದು ನಿಜ.

ಆದೇಶದಲ್ಲಿ ತಾವು ಇದಕ್ಕೆ 'ಕಲಿಕೆಗೆ ಸಂಬಂಧಿಸದ ಚಟುವಟಿಕೆ' ಎಂಬ ಹೆಸರು ಕೊಟ್ಟಿದ್ದೀರಿ. ಒಳ್ಳೆಯ ಹೆಸರು, ಹೇಳುವಾಗ ಬಾಯಿ ತುಂಬುತ್ತದೆ. ಒಂದು ಅನುಮಾನ ಮಾತ್ರ ಉಳಿಯುತ್ತದೆ. ಪ್ರತಿಭಾ ಕಾರಂಜಿ ಬಂದಾಗ ಇದೇ ಜೇಡಿಮಣ್ಣಿನಲ್ಲಿ ಬೊಂಬೆ ಮಾಡಿಸಿ, ತಾವೇ ವೇದಿಕೆಯ ಮೇಲೆ ನಿಂತು ಬಹುಮಾನ ಕೊಡುತ್ತೀರಲ್ಲ? ವರ್ಷಕ್ಕೊಂದು ದಿನ ಪ್ರತಿಭೆಯಾಗುವ ಮಣ್ಣು ಮಿಕ್ಕ ದಿನ ಕೊಳೆಯಾಗುವುದು ಯಾವ ಸುತ್ತೋಲೆಯ ಪ್ರಕಾರ? ದೀಪು ಎಂಬ ಹುಡುಗನಿದ್ದಾನೆ. ಓದಲು ಎಬ್ಬಿಸಿದರೆ ಹೊಟ್ಟೆನೋವು ಎನ್ನುತ್ತಿದ್ದವನು. ಅವನು ಮಣ್ಣಿನಲ್ಲಿ ಮಾಡುವಂಥ ಎತ್ತಿನ ಕೋಡು ಬೇರೆ ಯಾರಿಗೂ ಬರುವುದಿಲ್ಲ, ಶನಿವಾರ ಬಂದರೆ 'ನಂಗೂ ಹೇಳ್ಕೊಡು ಮಾರಾಯ' ಎಂದು ಉಳಿದವರು ಅವನ ಹಿಂದೆ ಬೀಳುತ್ತಿದ್ದರು. ಅಲ್ಲಿಂದ ಮುಂದೆ ಸೋಮವಾರದ ಹೊಟ್ಟೆನೋವು ಹೋಯಿತು, ತಪ್ಪೋ ಸರಿಯೋ ಎದ್ದು ನಿಂತು ಓದುತ್ತಾನೆ. ಮುಟ್ಟಿದರೆ ಮುನಿ ಎಂಬ ಹೆಸರೂ ಹಾಗೆಯೇ ಯಾವಾಗಲೋ ನಿಂತುಹೋಯಿತು. ಯಾರೂ ಬುದ್ಧಿ ಹೇಳಿ ನಿಲ್ಲಿಸಿದ್ದಲ್ಲ. ಒಂದೇ ಬಕೆಟ್ಟಿನ ಮಣ್ಣು ಮುಟ್ಟುವವಳನ್ನು ಹೆಸರಿನಿಂದಲೇ ಕರೆಯಬೇಕಾಯಿತು, ಅಷ್ಟೆ. ಒಂದು ಮಗುವಿನ ಅಡ್ಡಹೆಸರು ಬಿದ್ದುಹೋದದ್ದನ್ನು ತಮ್ಮ ವರದಿಯ ಯಾವ ಕಾಲಮ್ಮಿನಲ್ಲಿ ತುಂಬುತ್ತಾರೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಈಗ ತಾವು ಬಂದ ದಿನದ ವಿಷಯ. ಎಲ್ಲ ಬಿಟ್ಟು ತಾವು ಭೂಮಿ ಹುಣ್ಣಿಮೆಯ ದಿನ ಬಂದಿರಿ. ತಾವು ಬಯಲುಸೀಮೆಯವರೆಂದು ಕೇಳಿದ್ದೇನೆ, ಅಲ್ಲಿ ಅದಕ್ಕೆ ಸೀಗೆ ಹುಣ್ಣಿಮೆ ಎನ್ನುತ್ತಾರಂತೆ. ನಮ್ಮ ಕಡೆ ಗದ್ದೆಯ ಮನೆಯವರಿಗೆ ಅದು ಭೂಮಿತಾಯಿಯ ಬಯಕೆಯ ದಿನ. ಭತ್ತ ಹೊಡೆ ತುಂಬಿ ನಿಂತಿರುತ್ತದೆ, ಅಂದರೆ ಭೂಮಿ ಬಸುರಿ. ಅಂದು ನೆಲ ಅಗೆಯುವಂತಿಲ್ಲ, ನೋಯಿಸುವಂತಿಲ್ಲ. ಬಗೆಬಗೆಯ ಅಡುಗೆ ಮಾಡಿ ಗದ್ದೆಗೆ ಒಯ್ದು ಅವಳಿಗೆ ಬಡಿಸುತ್ತಾರೆ. ನಮ್ಮದು ವ್ಯಾಪಾರದ ಮನೆ, ನಮ್ಮಲ್ಲಿ ಈ ಪದ್ಧತಿ ಇಲ್ಲ. ಸುಮನಾ ಟೀಚರಿಗೂ ಹೊಸದು, ಅವರು ಬಂದ ಮೇಲೆ ಈ ಹುಣ್ಣಿಮೆ ಶನಿವಾರ ಬಿದ್ದದ್ದು ಅದೇ ಮೊದಲು. ಅವರು ಎಂದಿನಂತೆ ಬಕೆಟ್ಟು ತರಲು ಹೇಳಿದರು. ಆಗ ಗದ್ದೆಮನೆಯ ಭೈರಮ್ಮನ ಮೊಮ್ಮಗಳು ಚೈತ್ರ ಎದ್ದು ನಿಂತಳು.

"ಇವತ್ತು ಮಣ್ಣು ಹಿಸುಕಂಗಿಲ್ಲ ಟೀಚರ್. ಭೂಮ್ತಾಯಿ ಬಸ್ರಿ. ಅವ್ಳಿಗೆ ನೋವಾಗ್ತದೆ."

ಬಕೆಟ್ಟಿನಲ್ಲಿರುವುದು ಹಳೆಯ ಮಣ್ಣಲ್ಲವೇ ಎಂದು ಟೀಚರ್ ಕೇಳಿ ನೋಡಿದರು. ಬಕೆಟ್ಟಿನಲ್ಲಿದ್ದರೂ ಅವಳೇ ಅಲ್ಲವೇ ಎಂದು ಮಕ್ಕಳು ಉತ್ತರ ಕೊಟ್ಟರು. ಇನ್ನು ನನ್ನ ಮಗಳಿಗೆ ಶನಿವಾರ ಎಂದರೆ ಮಣ್ಣು, ಮಣ್ಣಿಲ್ಲದ ಶನಿವಾರ ಅವಳ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅವಳು ಕಿವಿ ಮುಚ್ಚಿಕೊಂಡು ತೂಗಾಡತೊಡಗಿದಳು. ನಾನು ಜಗಲಿಯಿಂದ ಎದ್ದೆ. ಅಷ್ಟರಲ್ಲಿ ಚೈತ್ರಳೇ ದಾರಿ ಕಂಡುಹಿಡಿದಳು. ಹಿಸುಕುವಂತಿಲ್ಲ, ನಿಜ, ಸವರಬಹುದಲ್ಲ. ಬಸುರಿಗೆ ಬಯಕೆಯ ಊಟ ಹಾಕುವಾಗ ಅಜ್ಜಿ ಹೊಟ್ಟೆ ಸವರುವುದನ್ನು ಅವಳು ನೋಡಿದ್ದಳು. ಮಕ್ಕಳು ಮಣ್ಣನ್ನು ಗುಂಡಗೆ ಗುಡ್ಡೆ ಮಾಡಿ ಬಾಳೆ ಎಲೆಯ ಮೇಲಿಟ್ಟರು, ಅರಿಸಿನ ಕುಂಕುಮ ಹಚ್ಚಿದರು, ಮನೆಯಿಂದ ತಂದ ಕಡುಬಿನ ಚೂರುಗಳನ್ನು ಮುಂದಿಟ್ಟರು. ಬಸುರಿಯ ಎದುರು ಗಟ್ಟಿಯಾಗಿ ಮಾತಾಡಬಾರದೆಂದು ಎಲ್ಲರೂ ಪಿಸುಗುಟ್ಟತೊಡಗಿದರು. ಮುಖ್ಯೋಪಾಧ್ಯಾಯರಾದ ಪರಮೇಶ್ವರಪ್ಪ ಮೇಷ್ಟ್ರ ಹತ್ತಿರ ಹೋಗಿ ಅಂದಿನ ಗಂಟೆಯನ್ನೂ ಬೇಡವೆನ್ನಿಸಿ ಬಂದರು. ಮಾನ್ಯರೇ, ತಾವು ಎಷ್ಟೋ ಶಾಲೆಗಳನ್ನು ನೋಡಿದವರು. ಬೆತ್ತವಿಲ್ಲದೆ, ಬೆದರಿಕೆಯಿಲ್ಲದೆ ಒಂದು ತರಗತಿಯ ಮಕ್ಕಳೆಲ್ಲ ಹಾಗೆ ಸದ್ದಿಲ್ಲದೆ ಕೂತದ್ದನ್ನು ಬೇರೆಲ್ಲಾದರೂ ಕಂಡಿದ್ದೀರಾ? ನನ್ನ ಮಗಳು ಶಾಲೆಗೆ ಸೇರಿದ ಮೇಲೆ ಮೊದಲ ಸಲ ಶಾಲೆ ಅವಳ ಕಿವಿಗೆ ಹಿತವಾಗಿತ್ತು. ಅವಳು ಮೂಲೆಯಿಂದ ಎದ್ದು ಬಂದು ಎಲ್ಲರ ನಡುವೆ ಕೂತಳು. ಬೆರಳ ತುದಿಯಲ್ಲ, ಇಡೀ ಅಂಗೈಯನ್ನು ಆ ಮಣ್ಣಿನ ಮೇಲಿಟ್ಟು ಮೆಲ್ಲಗೆ ಸವರಿದಳು. ಹೀಗೆ ಸವರಬೇಕು ಎಂದು ಚೈತ್ರ ಉಳಿದವರಿಗೆ ಅವಳನ್ನೇ ತೋರಿಸಿದಳು.

ತಮ್ಮ ಪ್ರವೇಶವಾದದ್ದು ಆಗ. ಪಾಠವೋ ಪೂಜೆಯೋ ಎಂದು ತಾವು ಬಾಗಿಲಿನಿಂದಲೇ ಗುಡುಗಿದಿರಿ. ತಮ್ಮದು ಒಳ್ಳೆಯ ಗಂಟಲು, ಅದರಲ್ಲಿ ಎರಡು ಮಾತಿಲ್ಲ. ಚೈತ್ರ ತುಟಿಯ ಮೇಲೆ ಬೆರಳಿಟ್ಟು "ಮೆಲ್ಲಕ್ಕೆ ಸಾರ್, ಬಸ್ರಿ ಇದಾಳೆ" ಎಂದಾಗ ತಮ್ಮ ಮುಖ ಹೇಗಾಯಿತೆಂದು ನಾನು ವರ್ಣಿಸುವುದಿಲ್ಲ. ತಾವು ಸೊಂಟದ ಮೇಲೆ ಕೈಯಿಟ್ಟು ಟೀಚರನ್ನು ವಿಚಾರಿಸತೊಡಗಿದಿರಿ. ನಿಶ್ಚಿತಾ ಯಾರ ಮುಖವನ್ನೂ ನೋಡುವುದಿಲ್ಲ. ಅವಳ ಕಣ್ಣಿನ ಎತ್ತರಕ್ಕೆ ಏನು ಬರುತ್ತದೋ ಅದನ್ನು ನೋಡುತ್ತಾಳೆ. ಅಂದು ಆ ಎತ್ತರಕ್ಕೆ ಬಂದದ್ದು, ತಪ್ಪು ತಿಳಿಯಬಾರದು, ತಮ್ಮ ಹೊಟ್ಟೆ. ಸರ್ಕಾರಿ ಕೆಲಸದಲ್ಲಿ ಕೂತು ಕೂತು ಯಾರಿಗಾದರೂ ಅಷ್ಟು ಬರುವಂಥದ್ದೇ. ಅವಳು ಎದ್ದಳು, ತಮ್ಮ ಹತ್ತಿರ ಬಂದಳು, ಮಣ್ಣನ್ನು ಸವರಿದ ಹಾಗೆಯೇ, ಅಷ್ಟೇ ಮೆತ್ತಗೆ, ಇಡೀ ಅಂಗೈಯಿಂದ ತಮ್ಮ ಹೊಟ್ಟೆಯನ್ನು ಸವರಿದಳು. ಇನ್ನೊಂದು ಕೈಯಲ್ಲಿದ್ದ ಕಡುಬಿನ ಚೂರನ್ನು ತಮ್ಮ ಮುಂದೆ ಹಿಡಿದಳು.

ತಾವು ಹಿಂದಕ್ಕೆ ಹಾರಿದಿರಿ. ಒಂದು ಮಗುವೂ ನಗಲಿಲ್ಲ. ಅದು ಶಿಸ್ತಿನಿಂದಲ್ಲ, ನಿಶ್ಚಿತಾ ಮನುಷ್ಯರೊಬ್ಬರನ್ನು ತಾನಾಗಿ ಮುಟ್ಟಿದ್ದನ್ನು ಕಂಡು ಅವರೂ ನನ್ನ ಹಾಗೆ ಬೆಪ್ಪಾಗಿದ್ದರು. ನಗು ಬಂದದ್ದು ಮನೆಗೆ ಹೋದ ಮೇಲೆ. ನಮ್ಮ ಅತ್ತೆ ಗಂಗಾಂಬಿಕೆಯವರು ಎಲ್ಲವನ್ನೂ ಗಂಭೀರವಾಗಿ ಕೇಳಿ, "ಹಂಗಾರೆ ಸಾಹೇಬ್ರಿಗೆ ಎಷ್ಟನೇ ತಿಂಗ್ಳಂತೆ?" ಎಂದು ವಿಚಾರಿಸಿದರು. ವಯಸ್ಸಾದವರು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ಅವರೇ ಆಮೇಲೆ ಕಣ್ಣೊರೆಸಿಕೊಂಡು, ಮೊಮ್ಮಗಳು ಹುಟ್ಟಿದಾಗಿನಿಂದ ಅವಳನ್ನು ಎತ್ತಿ ಆಡಿಸಲು ಕಾಯುತ್ತಿರುವ ತನಗೆ ಸಿಗದ ಕೈ ಆ ಸಾಹೇಬರಿಗೆ ಸಿಕ್ಕಿತಲ್ಲ ಎಂದರು. ತಾವು ವರದಿಯಲ್ಲಿ ಬರೆದದ್ದು ಏನು? 'ಬಾಲಕಿಯು ಅಧಿಕಾರಿಯೊಂದಿಗೆ ಅನುಚಿತವಾಗಿ ವರ್ತಿಸಿದ್ದು, ಸಾಮಾನ್ಯ ಮಕ್ಕಳೊಂದಿಗೆ ಬೆರೆಯಲು ಅನರ್ಹಳಾಗಿದ್ದಾಳೆ.' ಸ್ವಾಮಿ, ಬೆರೆಯುವುದು ಎಂದರೆ ಇನ್ನು ಹೇಗೆ? ಉಳಿದ ಮಕ್ಕಳೆಲ್ಲ ತಮ್ಮಿಂದ ದೂರವೇ ಕೂತಿದ್ದಾಗ ಹತ್ತಿರ ಬಂದು ಊಟ ಕೊಟ್ಟವಳು ಅವಳೊಬ್ಬಳೇ.

ಆದೇಶ ತಂದುಕೊಟ್ಟ ಪರಮೇಶ್ವರಪ್ಪ ಮೇಷ್ಟ್ರು ಅಂಗಡಿಯ ಮೆಟ್ಟಿಲ ಮೇಲೆ ಕೂತು, ಮೇಲಿನಿಂದ ಬಂದದ್ದಕ್ಕೆ ತಾನೇನು ಮಾಡಲಿ ಎಂದು ತಲೆ ತಗ್ಗಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ವಸತಿ ಶಾಲೆಯನ್ನೂ ಹೋಗಿ ನೋಡಿ ಬಂದೆವು. ಚೆನ್ನಾಗಿದೆ, ಅಲ್ಲಿನವರು ಒಳ್ಳೆಯವರು, ಅಂಥ ಶಾಲೆ ಬೇಕಾದ ಮಕ್ಕಳೂ ಇದ್ದಾರೆ. ಆದರೆ ಅಲ್ಲಿ ಚೈತ್ರ ಇಲ್ಲ. ಇವಳು ಮುದುಡಿದರೆ ಸುಮ್ಮನೆ ಪಕ್ಕದಲ್ಲಿ ಕೂತು ಕಾಯಬೇಕೆಂದು ಕಲಿತ ಒಂದು ತರಗತಿ ಅಲ್ಲಿಲ್ಲ. ಅದನ್ನು ಕಲಿಯಲು ನಮ್ಮೂರಿನ ಮಕ್ಕಳಿಗೆ ವರ್ಷಗಳೇ ಹಿಡಿದವು. ಆ ಕಲಿಕೆಯನ್ನು ತಾವು ಒಂದು ಸಹಿಯಲ್ಲಿ ಮುಗಿಸಿದ್ದೀರಿ. ಈಗ ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಮಗ್ಗಿ ನಡೆಯುತ್ತದೆ, ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ನಿಶ್ಚಿತಾ ಮತ್ತೆ ಮೇಜಿನ ಅಡಿಗೆ ಹೋಗಿದ್ದಾಳೆ.

ನನ್ನ ಬೇಡಿಕೆ ದೊಡ್ಡದಲ್ಲ. ಆದೇಶ ಹಿಂದಕ್ಕೆ ತೆಗೆದುಕೊಳ್ಳಿ. ಪೀರಿಯಡ್ಡು ಮಕ್ಕಳಿಗೆ ಮರಳಿ ಸಿಗಲಿ, ನನ್ನ ಮಗಳು ತನ್ನ ಊರಿನ ಶಾಲೆಯಲ್ಲೇ ಇರಲಿ. ಅನುಮಾನವಿದ್ದರೆ ಒಂದು ಶನಿವಾರ ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ, ಮಕ್ಕಳ ಜೊತೆ ಚಾಪೆಯ ಮೇಲೆ ಕೂತು ಎತ್ತಿನ ಕೋಡು ಮಾಡಲು ಪ್ರಯತ್ನಿಸಿ. ದೀಪು ಹೇಳಿಕೊಡುತ್ತಾನೆ, ಬೈಯುವುದಿಲ್ಲ.

ಕೊನೆಯದಾಗಿ ಒಂದು ಸ್ವಾರ್ಥದ ಮಾತು. ತಲೆ ಬಾಚುವಾಗ, ಸ್ನಾನ ಮಾಡಿಸುವಾಗ ನಾನು ಅವಳನ್ನು ಮುಟ್ಟುತ್ತೇನೆ, ಅವಳು ಹಲ್ಲು ಕಚ್ಚಿ ಸಹಿಸುತ್ತಾಳೆ. ಅವಳಾಗಿ ಒಂದು ದಿನವೂ ನನ್ನ ಮೇಲೆ ಕೈಯಿಟ್ಟಿಲ್ಲ. ಸುಮನಾ ಟೀಚರ್ ನನಗೆ ಯಾವಾಗಲೂ ಹೇಳುತ್ತಿದ್ದದ್ದು ಒಂದೇ: "ಮೊದ್ಲು ಮಣ್ಣು, ಅಮ್ಮಾ, ಆಮೇಲೆ ಮನುಷ್ಯರು. ಸ್ವಲ್ಪ ತಡೀರಿ." ಮನುಷ್ಯರು ಶುರುವಾದದ್ದು ತಮ್ಮಿಂದ, ಮಾನ್ಯರೇ. ನಾನಿನ್ನೂ ಕಾಯುತ್ತಿದ್ದೇನೆ. ಅವಳನ್ನು ದೂರ ಕಳಿಸಿದರೆ ಆ ಕೈ ಮುಂದೆ ಯಾರ ಮೇಲೆ ಬೀಳುತ್ತದೋ, ನಾನಂತೂ ಅಲ್ಲಿ ಇರುವುದಿಲ್ಲ.

ಇಂತಿ,
ಸರದಿಯಲ್ಲಿ ತಮ್ಮ ಹಿಂದೆ ನಿಂತಿರುವ,
ನಿಶ್ಚಿತಾಳ ಅಮ್ಮ ಸರ್ವಮಂಗಳಾ