ಗುರುತು ಹಾಕದ ನೀರು

ಹದಿನಾಲ್ಕನೇ ತಾರೀಕು, ಗುರುವಾರ ಸಂಜೆ

ಹಠಕ್ಕೆ ಇನ್ನೊಂದು ಹೆಸರಾದ ಡ್ರೈವರ್ ಸಾಹೇಬರಿಗೆ,

ಭಾನುವಾರ ಬಂದು ನಿಮ್ಮ ಬಟ್ಟೆಬರೆ, ರಬ್ಬರ್ ಗಿಡ ಎರಡನ್ನೂ ಒಯ್ಯುತ್ತೀರೆಂದು ಅತ್ತಿಗೆ ನಿನ್ನೆ ಫೋನಿನಲ್ಲಿ ಹೇಳಿದರು. ಹೆಂಡತಿಗೆ ಹೇಳಬೇಕಾದ ಮಾತನ್ನು ಅಕ್ಕನ ಬಾಯಲ್ಲಿ ಹೇಳಿಸುವುದನ್ನು ಯಾವಾಗ ಕಲಿತಿರೋ! ಬಟ್ಟೆ ಬೇಕಾದರೆ ಒಯ್ಯಿರಿ. ಗಿಡದ ವಿಷಯ ಮಾತ್ರ ಪೂರ್ತಿ ಓದಿ.

ಅದು ಸಾಯುವುದರಲ್ಲಿತ್ತು. ನೀವು ಅಕ್ಕನ ಮನೆಗೆ ಹೋದ ಮೂರನೆಯ ದಿನ ಕೆಳಗಿನ ನಾಲ್ಕು ಎಲೆ ಹಳದಿಯಾಗಿ ಉದುರಿದವು. ಮಣ್ಣು ಗಬ್ಬು ವಾಸನೆ. ಅರ್ಧ ದಿನ ರಜೆ ಹಾಕಿ, ಕುಂಡವನ್ನು ಕಂಕುಳಲ್ಲಿ ಹೊತ್ತು ನರ್ಸರಿಗೆ ಹೋದೆ. ನರ್ಸರಿಯವರು ಮಣ್ಣಿಗೆ ಬೆರಳು ತೂರಿಸಿ, ನೀವು ಸಾಕುತ್ತಿರುವುದು ಗಿಡವನ್ನೋ ಮೀನನ್ನೋ ಎಂದು ಕೇಳಿದರು.

ಭಾನುವಾರಕ್ಕೊಮ್ಮೆ ಒಂದು ಚೊಂಬು ನೀರು, ಹಾಕಿದವರು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ಗುರುತು. ಇದು ನಾವೇ ಮಾಡಿಕೊಂಡ ಪದ್ಧತಿ. ನನ್ನನ್ನು ಒಂದು ಮಾತು ಕೇಳದೆ ನೀವು ಬರುವ ತಿಂಗಳಿಂದ ದೂರದ ಬಸ್ ರೂಟಿಗೆ ಹೋಗುತ್ತೇನೆಂದು ಸಹಿ ಹಾಕಿ ಬಂದ ದಿನದಿಂದ ಇಬ್ಬರ ಬಾಯಿಗೂ ಬೀಗ ಬಿತ್ತು. ಹಲ್ಲಿನ ಆಸ್ಪತ್ರೆಯಲ್ಲಿ ದಿನವಿಡೀ ಕಂಡವರಿಗೆಲ್ಲ ಬಾಯಿ ತೆಗೆಯಿರಿ ಎನ್ನುವವಳು ಮನೆಯಲ್ಲಿ ಮೂರು ವಾರ ಬಾಯಿ ತೆಗೆಯಲಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ನಾನೇ ಮೊದಲು ಮಾತಾಡಿದಂತಾಗುತ್ತದೆಂದು ಪೆನ್ನೂ ಮುಟ್ಟಲಿಲ್ಲ. ನೀವೂ ಮುಟ್ಟಲಿಲ್ಲ. ಈ ಮನುಷ್ಯನಿಗೆ ಗಿಡವೂ ಬೇಡವಾಯಿತು ಎಂದುಕೊಂಡು ಒಂಬತ್ತಕ್ಕೆ ಹೊರಡುವ ಮುಂಚೆ ನೀರು ಸುರಿದೆ. ಎಲೆ ಜೋತುಬಿದ್ದಾಗ ಬಾಯಾರಿಕೆಯೇ ಇರಬೇಕೆಂದು ದಿನವೂ ಸುರಿದೆ. ನೀವೂ ಐದಕ್ಕೇ ಎದ್ದು, ನಾನು ಹಾಕುತ್ತಿಲ್ಲವೆಂದು ಬೈದುಕೊಳ್ಳುತ್ತಾ ಸುರಿದು ಡಿಪೋಗೆ ಹೋಗುತ್ತಿದ್ದಿರೆಂದು ನಿನ್ನೆ ಅತ್ತಿಗೆಯಿಂದ ತಿಳಿಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮ ಕೂಸಿಗೆ ಹೊಟ್ಟೆಯುಬ್ಬರ!

ಕುಂಡದಿಂದ ಬಿಡಿಸಿದರೆ ಅರ್ಧಕ್ಕರ್ಧ ಬೇರು ಕಪ್ಪಾಗಿ ಲೋಳೆ ಲೋಳೆ. ನೆಲಕ್ಕೆ ಹಳೆಯ ಪೇಪರ್ ಹಾಸಿ ಕೂತು ಕೊಳೆತದ್ದನ್ನೆಲ್ಲ ಕತ್ತರಿಸಿದೆ. ನಿಮ್ಮ ಮೀಸೆಯ ಕತ್ತರಿಯಲ್ಲಿ, ಬೇಕೆಂದೇ. ಬಿಳಿಯ ಬೇರು ಉಳಿದದ್ದು ಒಂಬತ್ತೇ ಒಂಬತ್ತು. ಗಾಳಿಗೆ ಆರಿಸಿ, ಮರಳು ಬೆರೆಸಿದ ಹೊಸ ಮಣ್ಣಿನಲ್ಲಿ ನೆಟ್ಟೆ. ಈಗ ಒಂದು ಹನಿಯೂ ಹಾಕಬಾರದಂತೆ. ಏನೂ ಮಾಡದಿರುವುದೇ ಮದ್ದು ಎಂದರೆ ನನ್ನಂಥವಳಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. ದಿನಾ ಬೆಳಿಗ್ಗೆ ಖಾಲಿ ಚೊಂಬು ಹಿಡಿದು ಅದರ ಮುಂದೆ ನಿಂತು, ನಿಮ್ಮನ್ನು ಬೈದು ಕೆಲಸಕ್ಕೆ ಹೋಗುತ್ತೇನೆ.

ಇನ್ನೊಂದು ವಿಷಯ. ಗಿಡ ಕೊಂದವರು ನೀವೇ ಎಂದು ನಿನ್ನೆ ಅತ್ತಿಗೆಗೆ ದೂರಿದ್ದೇನೆ, ನಿಜ ಗೊತ್ತಿದ್ದೂ. ಕಿಟಕಿಕಟ್ಟೆಗೆ ಕಲೆಯಾಗುತ್ತದೆಂದು, ಈ ಕುಂಡ ತಂದ ದಿನವೇ ಅದರ ತೂತಿಗೆ ರಬ್ಬರ್ ಬಿರಡೆ ಜಡಿದವಳು ನಾನು. ತಳದಲ್ಲಿ ತೂತಿದೆಯೇ ಎಂದು ನೀವು ಅಂದೇ ಕೇಳಿದ್ದಿರಿ. ಇದೆ ಎಂದಿದ್ದೆ, ಮುಚ್ಚಿದ್ದನ್ನು ಹೇಳಲಿಲ್ಲ. ಬಿರಡೆ ಈ ಲಕೋಟೆಯಲ್ಲೇ ಇದೆ. ಅತ್ತಿಗೆಗೂ ತೋರಿಸಿ, ನನಗೇನೂ ಅಡ್ಡಿಯಿಲ್ಲ. ಆದರೆ ರೂಟಿನ ವಿಷಯದಲ್ಲಿ ತಪ್ಪು ನಿಮ್ಮದೇ. ಅದನ್ನು ಸತ್ತರೂ ಬಿಟ್ಟುಕೊಡುವುದಿಲ್ಲ. ವಾರಕ್ಕೆ ನಾಲ್ಕು ದಿನ ನೀವಿಲ್ಲದ ಮನೆ ಹೇಗಿರುತ್ತದೆಂದು ನನ್ನನ್ನೊಮ್ಮೆ ಕೇಳಬೇಕಿತ್ತು.

ಬೇರು ಹಿಡಿಯುವವರೆಗೆ ಒಂದು ತಿಂಗಳು ಗಿಡವನ್ನು ಕದಲಿಸಬಾರದೆಂದು ನರ್ಸರಿಯವರ ಕಟ್ಟಪ್ಪಣೆ. ಹಾಗಾಗಿ ಭಾನುವಾರ ಅದನ್ನು ಕೊಡಲಾಗುವುದಿಲ್ಲ. ನೋಡಿಕೊಳ್ಳುವ ಮನಸ್ಸಿದ್ದರೆ ಅದು ಇರುವಲ್ಲಿಗೇ ಬರಬೇಕು.

ಕೋಪ ಇನ್ನೂ ಇಳಿಯದ,
ನಿಮ್ಮವಳು

ತಾ.ಕ.: ನರ್ಸರಿಯವರು ಹೇಳಿದ್ದು ಹತ್ತು ದಿನ, ಅದು ಶನಿವಾರಕ್ಕೇ ಮುಗಿಯುತ್ತದೆ. ತಿಂಗಳು ಎಂದು ಬರೆದವಳು ನಾನು. ಭಾನುವಾರ ಮೊದಲ ನೀರು. ನಾನು ಹಾಕುವುದಿಲ್ಲ. ಪೆನ್ನು ಕ್ಯಾಲೆಂಡರಿನ ಪಕ್ಕದಲ್ಲೇ ಇದೆ.